ಹರಪನ ಹಳ್ಳಿ, ಹೂವಿನ ಹಡಗಲಿ, ಬಸ್ಸಿನ ಬೋರ್ಡು

ಕೊಟ್ಟೂರಿನ ತೇರು, ಹಡಗಲಿಯ ಮಲ್ಲಿಗೆ, ಉಚ್ಚಂಗಿದುರ್ಗದ ಕೋಟೆ, ಮೈಲಾರಲಿಂಗನ ಕಾರಣಿಕ. ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ದಿನವೂ ಕಿವಿಗೆ ಬೀಳುವ ಈ ನಾಲ್ಕು ಮಾತುಗಳಲ್ಲಿ ಷಷ್ಠಿ ವಿಭಕ್ತಿ ನಾಲ್ಕು ವೇಷ ಹಾಕಿದೆ: ಇನ, ಯ, ದ, ನ. ವ್ಯಾಕರಣ ಕೇಳಿದರೆ ಪ್ರತ್ಯಯ ಒಂದೇ, ಬರೀ ‘ಅ’. ಉಳಿದದ್ದೆಲ್ಲ ಹೆಸರಿನ ಕೊನೆಯ ಸ್ವರವನ್ನೂ ಲಿಂಗವನ್ನೂ ನೋಡಿಕೊಂಡು ನಡುವೆ ಬಂದು ಸೇರುವ ಆಗಮ.

ಈ ಸೀಮೆಯ ತಾಲ್ಲೂಕುಗಳ ಹೆಸರಲ್ಲೇ ಷಷ್ಠಿ ಮನೆ ಮಾಡಿದೆ. ಹಗರಿಬೊಮ್ಮನಹಳ್ಳಿಯೊಳಗೆ ‘ಬೊಮ್ಮನ’, ಹರಪನಹಳ್ಳಿಯೊಳಗೆ ‘ಹರಪನ’. ತುಂಗಭದ್ರೆಯ ಮೇಲೆ ಹಡಗಿನಲ್ಲಿ ಹಂಪಿಗೆ ಹೂವು ಹೋಗುತ್ತಿತ್ತೆಂಬ ಪ್ರತೀತಿಯಿರುವ ಹಡಗಲಿಗೆ ‘ಹೂವಿನ’ ಎಂಬುದೇ ಮುಂಗಟ್ಟು. ಹರಪನಹಳ್ಳಿ 1997ರಲ್ಲಿ ದಾವಣಗೆರೆಯದಾಯಿತು, 2018ರಲ್ಲಿ ಮತ್ತೆ ಬಳ್ಳಾರಿಯದು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯದು. ಊರೊಳಗಿನ ‘ಹರಪನ’ ಮಾತ್ರ ಕದಲಲಿಲ್ಲ.

ಸಕಾರ ಬಂದಾಗ

ತೊಡಕು ಶುರುವಾಗುವುದು ಹೆಸರು ‘ಸ್’ ಎಂದು ನಿಂತಾಗ. ಇಂಗ್ಲಿಷಿನವರಿಗೂ ಇದು ಬಗೆಹರಿಯದ ಜಗಳ. ಅಲ್ಲಿ ಪತ್ರಿಕೆಯವರು ನೆಚ್ಚುವ ಅಸೋಸಿಯೇಟೆಡ್ ಪ್ರೆಸ್ ಕೈಪಿಡಿ ಅಂಥ ಅಂಕಿತನಾಮದ ಮೇಲೆ ಬರೀ ಅಪಾಸ್ಟ್ರಫಿ ಸಾಕೆನ್ನುತ್ತದೆ. ಪುಸ್ತಕದವರ ಶಿಕಾಗೋ ಕೈಪಿಡಿ ಇನ್ನೊಂದು ಎಸ್ ಬೇಕೆನ್ನುತ್ತದೆ. ಅಮೆರಿಕದ ಅರ್ಕನ್ಸಾ ರಾಜ್ಯದ ಹೆಸರು ಬರಹದಲ್ಲಿ ಎಸ್‌ನಿಂದ ಮುಗಿಯುತ್ತದೆ, ಉಚ್ಚಾರದಲ್ಲಿ ಅದು ಇಲ್ಲ. 2007ರಲ್ಲಿ ಅಲ್ಲಿನ ಜನಪ್ರತಿನಿಧಿಗಳ ಸಭೆ, ತಮ್ಮ ರಾಜ್ಯಕ್ಕೆ ಷಷ್ಠಿ ಹಚ್ಚುವಾಗ ಇನ್ನೊಂದು ಎಸ್ ಬರೆಯಬೇಕೆಂದು ನಿರ್ಣಯವನ್ನೇ ಮಾಡಿತು.

ಕನ್ನಡ ಈ ಪಂಚಾಯ್ತಿಯನ್ನು ಯಾವಾಗಲೋ ಮುಗಿಸಿದೆ. ಸಂಸ್ಕೃತದ ಮನಸ್, ಯಶಸ್, ತೇಜಸ್ ಇಲ್ಲಿಗೆ ಬಂದಾಗ ಎರಡು ದಾರಿ ಸಿಕ್ಕವು. ಒಂದು, ಕೊನೆಯ ವ್ಯಂಜನ ಬಿಟ್ಟು ಮನ, ಯಶ, ತೇಜ ಆಗುವುದು; ಆಗ ಷಷ್ಠಿ ‘ಮನದ’. ಇನ್ನೊಂದು, ವ್ಯಂಜನ ಇಮ್ಮಡಿಸಿ ಉಕಾರ ಹಚ್ಚಿಕೊಳ್ಳುವುದು: ಮನಸ್ಸು, ಯಶಸ್ಸು, ತೇಜಸ್ಸು, ಆಗ ‘ಮನಸ್ಸಿನ’.

ಇಂಗ್ಲಿಷಿನಿಂದ ಬಂದ ಮಾತಿಗೂ ಜನ ಎರಡನೆಯ ದಾರಿಯನ್ನೇ ತೋರಿಸಿದರು. ‘ಸ್’ ಹಿಂದಿನ ಸ್ವರ ಹ್ರಸ್ವವಾದರೆ ಇಮ್ಮಡಿ: ಬಸ್ಸಿನ, ಪ್ರೆಸ್ಸಿನ, ಕಾಂಗ್ರೆಸ್ಸಿನ. ದೀರ್ಘವಾದರೆ ಒಂದೇ: ಕೇಸಿನ, ಆಫೀಸಿನ, ಕ್ಲಾಸಿನ. ಹಿಂದೆ ಇನ್ನೊಂದು ವ್ಯಂಜನವಿದ್ದರೂ ಒಂದೇ: ಲೈಸೆನ್ಸಿನ. ಶಾಲೆ ಮೆಟ್ಟಿಲು ಹತ್ತದವರೂ ಇದರಲ್ಲಿ ತಪ್ಪುವುದಿಲ್ಲ. ‘ಬಸ್ಸಿನಾಗ ಸೀಟಿಲ್ಲ’ ಎಂದು ಕೊಟ್ಟೂರು ಬಸ್ ಸ್ಟ್ಯಾಂಡಿನಲ್ಲಿ ಕೂಗುವವರ ಬಾಯಲ್ಲಿ ಸಪ್ತಮಿಯೂ ಷಷ್ಠಿಯ ಹೆಗಲೇರಿಯೇ ಬರುತ್ತದೆ.

ಮನುಷ್ಯರ ಲೆಕ್ಕ ಬೇರೆ

‘ಸ್’ ಎಂದು ನಿಲ್ಲುವ ಹೆಸರು ಮನುಷ್ಯರದಾದರೆ ‘ಇನ’ ಸಾಮಾನ್ಯವಾಗಿ ಹೊಂದುವುದಿಲ್ಲ. ಪೊಲೀಸ್ ಠಾಣೆಯಿಂದ ಬಂದವರ ಜೀಪು ‘ಪೊಲೀಸರ ಜೀಪು’. ಆಸ್ಪತ್ರೆಯ ನರ್ಸು ಮೊದಲು ನರ್ಸಮ್ಮನಾಗುತ್ತಾಳೆ, ಆಮೇಲೆ ‘ನರ್ಸಮ್ಮನ ಮನೆ’. ಜೇಮ್ಸ್ ಇದ್ದರೆ ‘ಜೇಮ್ಸನ ಅಂಗಡಿ’.

ಮದುವೆ ಕಾರ್ಡು ಕೈಗೆತ್ತಿಕೊಳ್ಳಿ. ಅದರಲ್ಲಿ ಅಚ್ಚಾದದ್ದು ‘ಚಿ. ಶ್ರೀನಿವಾಸ್’. ಹಂಚಲು ಬಂದ ತಾಯಿ ಅನ್ನುವುದು ‘ನಮ್ಮ ಸೀನನ ಮದುವಿ ಐತಿ, ಬರ್ರಿ’. ಶ್ರೀನಿವಾಸ ಎಂಬ ಅಕಾರಾಂತ ಹೆಸರಿನ ಬಾಲ ಕತ್ತರಿಸಿದ್ದು ಇಂಗ್ಲಿಷ್ ಕಾಗುಣಿತ. ‘ಶ್ರೀನಿವಾಸನ’ ಎಂದರೆ ಏಕವಚನವಾದೀತೆಂಬ ಅಳುಕೂ ಜೊತೆಗೂಡಿತು. ಹಾಗಾಗಿ ಪತ್ರಿಕೆಗಳು ‘ಶ್ರೀನಿವಾಸ್ ಅವರ’ ಎಂದು ಬರೆಯುತ್ತವೆ. ಗೌರವಕ್ಕೆ ಅದು ಸರಿಯಾದ ದಾರಿ. ದಾಸರಿಗೆ ಅದೂ ಬೇಡ: ಪುರಂದರದಾಸರ, ಕನಕದಾಸರ.

ಗೌರವದ ಪ್ರಶ್ನೆಯೇ ಇಲ್ಲದ ಕಡೆ ‘ಬಸ್‌ನ’, ‘ಕಾಂಗ್ರೆಸ್‌ನ’ ಯಾಕೆ? ಕಂಪ್ಯೂಟರಿನಲ್ಲಿ ಇದನ್ನು ಬರೆಯಲು ನಡುವೆ ಕಣ್ಣಿಗೆ ಕಾಣದ ತಡೆಚಿಹ್ನೆಯೊಂದನ್ನು ಹಾಕಬೇಕು. ಮರೆತರೆ ನಕಾರ ಒತ್ತಾಗಿ ‘ಬಸ್ನ’ ಎಂಬ ವಿಚಿತ್ರ ಅಚ್ಚಾಗುತ್ತದೆ. ‘ಬಸ್ಸಿನ’ ಎಂದರೆ ಆ ಗೋಜಿಲ್ಲ, ಓದುವವರ ನಾಲಿಗೆಯೂ ತಡವರಿಸುವುದಿಲ್ಲ. ಈ ಒಂದು ವಿಷಯದಲ್ಲಿ ಸಂಪಾದಕರ ಮೇಜಿಗಿಂತ ಕಂಡಕ್ಟರನ ಮಾತೇ ಶುದ್ಧ ವ್ಯಾಕರಣ.