ಕೆರೆ ಉಸಿರುಗಟ್ಟುವುದು ನಸುಕಿನಲ್ಲಿ, ಪರೀಕ್ಷೆ ನಡೆಯುವುದು ಹಗಲಿನಲ್ಲಿ!

ಬೆಂಗಳೂರು: 2016ರ ಮಾರ್ಚ್ ತಿಂಗಳಲ್ಲಿ ನಗರದ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ನೀರಿನಲ್ಲಿ ಕರಗಿದ ಆಮ್ಲಜನಕ ಕುಸಿದದ್ದೇ ಕಾರಣವೆಂದು ಆಗ ಹೇಳಲಾಯಿತು. ನಂತರದ ವರ್ಷಗಳಲ್ಲಿಯೂ ರಾಜಧಾನಿಯ ಒಂದಲ್ಲ ಒಂದು ಕೆರೆಯಿಂದ ಇಂಥ ಸುದ್ದಿ ಬರುತ್ತಲೇ ಇದೆ. ದೃಶ್ಯ ಮಾತ್ರ ಬಹುಮಟ್ಟಿಗೆ ಒಂದೇ. ಮುಂಜಾನೆ ವಾಯುವಿಹಾರಕ್ಕೆ ಬಂದವರಿಗೆ ದಡದಲ್ಲಿ ಸತ್ತ ಮೀನುಗಳ ರಾಶಿ ಕಾಣುತ್ತದೆ. ಹೊತ್ತೇರಿದ ಮೇಲೆ ಸಿಬ್ಬಂದಿ ಬಂದು ನೀರಿನ ಮಾದರಿ ಒಯ್ಯುತ್ತಾರೆ. ಆ ಬಾಟಲಿಯಲ್ಲಿ ಆಮ್ಲಜನಕ ಅಷ್ಟೇನೂ ಕಡಿಮೆ ಇಲ್ಲದಿರುವ ಸಾಧ್ಯತೆಯೂ ಉಂಟು. ಹಾಗಾದರೆ ಮೀನು ಸತ್ತದ್ದೇಕೆ?

ಉತ್ತರ ಗಡಿಯಾರದಲ್ಲಿದೆ. ಒಳಚರಂಡಿ ನೀರು ಸೇರಿದ ಕೆರೆಯಲ್ಲಿ ಸಾರಜನಕ ಮತ್ತು ರಂಜಕ ಹೇರಳವಾಗಿದ್ದು, ಅದನ್ನುಂಡು ಪಾಚಿ ಹುಲುಸಾಗಿ ಬೆಳೆಯುತ್ತದೆ. ಹಗಲಿನಲ್ಲಿ ಸೂರ್ಯನ ಬೆಳಕಿಗೆ ಈ ಪಾಚಿ ದ್ಯುತಿಸಂಶ್ಲೇಷಣೆ ನಡೆಸಿ ನೀರಿಗೆ ಆಮ್ಲಜನಕ ತುಂಬುತ್ತದೆ. ಹಚ್ಚ ಹಸಿರಾದ ಕೆರೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಈ ಪ್ರಮಾಣ ನೀರು ಸಹಜವಾಗಿ ಹಿಡಿದಿಟ್ಟುಕೊಳ್ಳಬಲ್ಲ ಮಿತಿಯನ್ನೂ ಮೀರುತ್ತದೆ. ಸೂರ್ಯ ಮುಳುಗಿದೊಡನೆ ಉತ್ಪಾದನೆ ನಿಲ್ಲುತ್ತದೆ, ಉಸಿರಾಟ ನಿಲ್ಲುವುದಿಲ್ಲ. ಪಾಚಿ, ಮೀನು, ಹೂಳಿನಲ್ಲಿರುವ ಸೂಕ್ಷ್ಮಾಣುಗಳು ಎಲ್ಲವೂ ರಾತ್ರಿಯಿಡೀ ಅದೇ ಆಮ್ಲಜನಕವನ್ನು ಹಂಚಿಕೊಂಡು ಬದುಕಬೇಕು. ಸೂರ್ಯೋದಯಕ್ಕೆ ಸ್ವಲ್ಪ ಮುನ್ನ ಅದು ತಳ ಮುಟ್ಟುತ್ತದೆ. ಹಿಂದಿನ ಎರಡು ದಿನ ಮೋಡ ಕವಿದಿದ್ದರೆ ಅಥವಾ ಬೇಸಿಗೆಯ ಮೊದಲ ಮಳೆ ರಾಜಕಾಲುವೆಯ ಕೊಳೆಯನ್ನೆಲ್ಲ ಒಮ್ಮೆಲೇ ತಂದು ಸುರಿದಿದ್ದರೆ ಆ ನಸುಕು ಮೀನುಗಳ ಪಾಲಿಗೆ ಮಾರಕವಾಗುತ್ತದೆ.

ಮೀನುಗಾರಿಕೆ ಮತ್ತು ಜಲಚರಗಳಿಗೆ ಯೋಗ್ಯವೆನಿಸುವ ‘ಡಿ’ ವರ್ಗದ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಯಾವ ಗಂಟೆಯಲ್ಲಿ ಅಳೆದ 4 ಮಿಲಿಗ್ರಾಂ ಎಂಬುದೇ ಇಲ್ಲಿನ ಪ್ರಶ್ನೆ. ಮಾದರಿ ಸಂಗ್ರಹ ಸಾಮಾನ್ಯವಾಗಿ ಕಚೇರಿ ವೇಳೆಯಲ್ಲೇ ನಡೆಯುವುದರಿಂದ ಕೆರೆಯ ಅತ್ಯಂತ ಒಳ್ಳೆಯ ಹೊತ್ತೇ ಕಡತಕ್ಕೆ ಸೇರುತ್ತದೆ. ರಾತ್ರಿ ಮೂರಕ್ಕೆ ದಡದಲ್ಲಿ ಕುಳಿತು ದಿನವೂ ಅಳೆಯುವವರು ಯಾರು? ಈ ಕೆಲಸವನ್ನು ದಣಿವಿಲ್ಲದೆ ಮಾಡುವ ಅಂಗೈ ಅಗಲದ ಸಾಧನವೇ ಡೇಟಾ ಲಾಗರ್.

ಏನಿದು ಲಾಗರ್?: ಒಂದು ಸೆನ್ಸರ್, ಒಂದು ಗಡಿಯಾರ, ಒಂದು ಮೆಮೊರಿ, ಒಂದು ಬ್ಯಾಟರಿ. ನಿಗದಿಪಡಿಸಿದ ಅಂತರದಲ್ಲಿ ಅಳೆದು, ವೇಳೆಯೊಂದಿಗೆ ಬರೆದಿಟ್ಟುಕೊಳ್ಳುವುದಷ್ಟೇ ಇದರ ಕಾಯಕ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಟೆಲಿಮೆಟ್ರಿಕ್ ಮಳೆಮಾಪಕಗಳೂ ಇದೇ ಕುಲದವು. ಅವು ದಾಖಲಿಸಿದ್ದನ್ನು ಮೊಬೈಲ್ ಜಾಲದ ಮೂಲಕ ಕೂಡಲೇ ಕೇಂದ್ರಕ್ಕೆ ರವಾನಿಸುತ್ತವೆ. ಒಯ್ಯಬಲ್ಲ ಸಣ್ಣ ಲಾಗರ್‌ಗಳಲ್ಲಿ ಹೆಚ್ಚಿನವು ಹಾಗೆ ಮಾಡುವುದಿಲ್ಲ. ನೀರಿನಡಿ ಮೌನವಾಗಿ ಬರೆಯುತ್ತ ಕೂರುತ್ತವೆ. ಮೇಲೆತ್ತಿ ಕಂಪ್ಯೂಟರಿಗೋ ಮೊಬೈಲಿಗೋ ಜೋಡಿಸಿದಾಗಲೇ ಒಳಗೇನಿದೆ ಎಂದು ತಿಳಿಯುತ್ತದೆ. ಅಗ್ಗವಾಗಿರಲು ಇದೂ ಒಂದು ಕಾರಣ, ಮೋಸ ಹೋಗಲು ಕೂಡ. ತಪ್ಪಾಗಿ ಹೊಂದಿಸಿ ಮುಳುಗಿಸಿದ ಲಾಗರ್ ತಿಂಗಳಿಡೀ ನಿಷ್ಠೆಯಿಂದ ತಪ್ಪನ್ನೇ ಬರೆದಿರುತ್ತದೆ.

ಬರಿಯ ಉಷ್ಣಾಂಶ ಅಳೆಯುವ ಲಾಗರ್ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಕರಗಿದ ಆಮ್ಲಜನಕ ಅಳೆಯುವಂಥದು ದುಬಾರಿ, ಲಕ್ಷ ರೂಪಾಯಿ ದಾಟುವುದೂ ಉಂಟು. ಈಗಿನ ಇಂಥ ಸಾಧನಗಳು ಹೆಚ್ಚಾಗಿ ಬೆಳಕಿನ ತತ್ವದ ಮೇಲೆ ಕೆಲಸ ಮಾಡುತ್ತವೆ. ಸೆನ್ಸರ್‌ನ ತುದಿಯ ಪುಟ್ಟ ಟೋಪಿಯಲ್ಲಿ ವಿಶೇಷ ಬಣ್ಣದ ಲೇಪವಿರುತ್ತದೆ. ಅದರ ಮೇಲೆ ಬೆಳಕು ಚೆಲ್ಲಿದಾಗ ಅದು ಹೊಳೆಯುತ್ತದೆ, ಸುತ್ತ ಆಮ್ಲಜನಕ ಹೆಚ್ಚಿದ್ದಷ್ಟೂ ಹೊಳಪು ಬೇಗ ಆರುತ್ತದೆ. ಆರುವ ವೇಗವನ್ನೇ ಸಾಧನ ಅಂಕಿಯಾಗಿಸುತ್ತದೆ. ಟೋಪಿಗೆ ಆಯಸ್ಸಿದೆ ಎಂಬುದನ್ನು ಮರೆಯಬಾರದು. ಬಳಕೆಯಲ್ಲಿರುವ ಒಂದು ಮಾದರಿಯಲ್ಲಿ ಅದು ಸುಮಾರು ಏಳು ತಿಂಗಳು ಮಾತ್ರ. ಖರೀದಿಗೆ ಹಣ ಹೊಂದಿಸಿದ ಕೆರೆ ಸಂಘಗಳು ಬದಲಿ ಟೋಪಿಯ ಖರ್ಚನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಎರಡನೇ ವರ್ಷಕ್ಕೆ ಸಾಧನ ಕಪಾಟು ಸೇರುತ್ತದೆ.

ಬೆಂಗಳೂರಿನ ಗಾಳಿ, ಮಂಗಳೂರಿನ ಗಾಳಿ: ಕೆರೆಗೆ ಇಳಿಸುವ ಮುನ್ನ ಮಾಡಬೇಕಾದ ಕೆಲಸಗಳಲ್ಲಿ ಬಹುಮುಖ್ಯವಾದುದು ಮಾಪನಾಂಕ ಹೊಂದಿಸುವಿಕೆ, ಅಂದರೆ ಕ್ಯಾಲಿಬ್ರೇಷನ್. ಬೆಂಗಳೂರಿನಲ್ಲಿ ಎಡವುವುದು ಸಾಮಾನ್ಯವಾಗಿ ಇಲ್ಲಿಯೇ. ನೀರು ಎಷ್ಟು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು ಎಂಬುದು ಉಷ್ಣಾಂಶವನ್ನಷ್ಟೇ ಅಲ್ಲ, ಗಾಳಿಯ ಒತ್ತಡವನ್ನೂ ಅವಲಂಬಿಸಿದೆ. ಸಮುದ್ರಮಟ್ಟದ ಮಂಗಳೂರಿನಲ್ಲಿ 25 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಹಿಡಿಯುತ್ತದೆ. 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು ಶೇ 10ರಷ್ಟು ಕಡಿಮೆ. ಇಲ್ಲಿ ಅದೇ ನೀರಿನ ಮಿತಿ 7.4 ಮಿಲಿಗ್ರಾಂ ಆಸುಪಾಸಿನಲ್ಲಿರುತ್ತದೆ.

ಹವಾಮಾನ ವರದಿಗಳಲ್ಲಿ ಸಾಮಾನ್ಯವಾಗಿ ಕಾಣುವ 1,010 ಹೆಕ್ಟೊಪಾಸ್ಕಲ್ ಆಸುಪಾಸಿನ ಒತ್ತಡ ಸಮುದ್ರಮಟ್ಟಕ್ಕೆ ಪರಿವರ್ತಿಸಿದ ಅಂಕಿ. ಬೆಂಗಳೂರಿನ ನೆಲದ ಮೇಲಿನ ನಿಜವಾದ ಒತ್ತಡ 910ರ ಆಸುಪಾಸು. ಮೊದಲನೆಯದನ್ನು ಕಂಡು ಹಾಗೆಯೇ ಲಾಗರಿಗೆ ಉಣಿಸಿದರೆ ಅದು ಎಲ್ಲ ಅಳತೆಯನ್ನೂ ಶೇ 10ಕ್ಕೂ ಹೆಚ್ಚು ಉಬ್ಬಿಸಿ ತೋರಿಸುತ್ತದೆ. ವಾಸ್ತವದಲ್ಲಿ 3.7 ಇರುವ ಕೆರೆ ದಾಖಲೆಯಲ್ಲಿ 4.1 ಆಗುತ್ತದೆ. ಮಾನದಂಡದಲ್ಲಿ ಅನುತ್ತೀರ್ಣವಾದ ಕೆರೆ ಕಂಪ್ಯೂಟರಿನ ಮುಂದೆಯೇ ಉತ್ತೀರ್ಣವಾದಂತೆ!

ಹೊಂದಿಸುವ ವಿಧಾನ ಮಾತ್ರ ಕಷ್ಟದ್ದಲ್ಲ. ತಯಾರಕರು ಹೇಳಿದಂತೆ ಒದ್ದೆ ಸ್ಪಂಜು ಇರಿಸಿದ ಮುಚ್ಚಿದ ಚೀಲದೊಳಗೆ, ನೇರ ಬಿಸಿಲು ಬೀಳದ ಕಡೆ ಲಾಗರ್ ಅನ್ನು ಇಟ್ಟು ಉಷ್ಣಾಂಶ ಸ್ಥಿರವಾಗುವವರೆಗೆ ಕಾಯಬೇಕು. ಆ ಅಳತೆಯನ್ನು ಸ್ಥಳದ ಒತ್ತಡಕ್ಕೆ ತಕ್ಕಂತೆ ಶೇ 100 ಎಂದು ಗುರುತಿಸಬೇಕು. ಸೊನ್ನೆಯ ಪರೀಕ್ಷೆಗೆ ಸೋಡಿಯಂ ಸಲ್ಫೈಟ್ ಕರಗಿಸಿದ ನೀರು ಸಾಕು, ಅದು ಆಮ್ಲಜನಕವನ್ನೆಲ್ಲ ಹೀರಿಕೊಳ್ಳುತ್ತದೆ. ಇದಾದ ಮೇಲೆ ಒಂದು ರಾತ್ರಿ ಮನೆಯ ಬಕೆಟ್ಟಿನಲ್ಲಿ ಅಕ್ವೇರಿಯಂ ಪಂಪಿನ ಗುಳ್ಳೆಗಳ ನಡುವೆ ಲಾಗರ್ ಓಡಿಸಿ ನೋಡುವುದು ಒಳ್ಳೆಯ ಅಭ್ಯಾಸ. ಬಕೆಟ್ಟಿನಲ್ಲೇ ಸರಿಯಾಗಿ ಅಳೆಯದ ಸಾಧನ ಕೆರೆಯಲ್ಲಿ ಅಳೆಯುವುದಿಲ್ಲ.

ಅಂತರ ಎಷ್ಟಿರಲಿ?: ಹದಿನೈದು ನಿಮಿಷಕ್ಕೊಮ್ಮೆ ಎಂದರೆ ದಿನಕ್ಕೆ 96 ದಾಖಲೆ, ತಿಂಗಳಿಗೆ 2,880. ಕೆರೆಯ ಹಗಲು-ರಾತ್ರಿಯ ಏರಿಳಿತ ತಿಳಿಯಲು ಇಷ್ಟು ಧಾರಾಳವಾಗಿ ಸಾಕು. ಉತ್ಸಾಹದಿಂದ ನಿಮಿಷಕ್ಕೊಮ್ಮೆ ಎಂದು ಹೊಂದಿಸಿದರೆ ದಿನಕ್ಕೆ 1,440 ಆಗುತ್ತದೆ. 20 ಸಾವಿರ ದಾಖಲೆ ಹಿಡಿಯುವ ಮೆಮೊರಿ ಎರಡು ವಾರ ತುಂಬುವುದರೊಳಗೆ ಭರ್ತಿ. ಭರ್ತಿಯಾದಾಗ ನಿಲ್ಲಬೇಕೇ, ಹಳೆಯದನ್ನು ಅಳಿಸಿ ಹೊಸದನ್ನು ಬರೆಯಬೇಕೇ ಎಂಬ ಆಯ್ಕೆಯನ್ನು ಅನೇಕ ಲಾಗರ್‌ಗಳು ಕೇಳುತ್ತವೆ. ಈ ಪ್ರಶ್ನೆಯನ್ನು ಓದದೆ ಗುಂಡಿ ಒತ್ತಿದವರು ಮೀನು ಸತ್ತ ದಿನದ ದಾಖಲೆಯನ್ನೇ ಕಳೆದುಕೊಳ್ಳಬಹುದು.

ಗಡಿಯಾರದ ವಿಷಯ ಇನ್ನೂ ಸೂಕ್ಷ್ಮ. ಲಾಗರ್ ತನ್ನ ವೇಳೆಯನ್ನು ಸಾಮಾನ್ಯವಾಗಿ ಅದಕ್ಕೆ ಜೋಡಿಸಿದ ಕಂಪ್ಯೂಟರಿನಿಂದ ಪಡೆಯುತ್ತದೆ. ಕಂಪ್ಯೂಟರಿನ ಗಡಿಯಾರ ತಪ್ಪಿದ್ದರೆ ಲಾಗರಿನದೂ ತಪ್ಪು. ಕೆಲವು ಸಾಧನಗಳು ಭಾರತೀಯ ಕಾಲಮಾನಕ್ಕಿಂತ ಐದೂವರೆ ಗಂಟೆ ಹಿಂದಿರುವ ಗ್ರೀನಿಚ್ ವೇಳೆಯಲ್ಲಿ ಬರೆಯುತ್ತವೆ. ಅದನ್ನು ಗಮನಿಸದಿದ್ದರೆ ಬೆಳಗಿನ 6 ಗಂಟೆಯ ಕುಸಿತ ನಡುರಾತ್ರಿ 12.30ಕ್ಕೆ ಆದಂತೆ ಕಾಣುತ್ತದೆ. ಯಾರೋ ರಾತ್ರೋರಾತ್ರಿ ಟ್ಯಾಂಕರಿನಲ್ಲಿ ಕೊಳಚೆ ತಂದು ಸುರಿದರೆಂಬ ಗುಮಾನಿಗೆ ಇಷ್ಟು ಸಾಕು. ಎಕ್ಸೆಲ್‌ನಲ್ಲಿ ತೆರೆದಾಗ ದಿನ ಮತ್ತು ತಿಂಗಳು ಅದಲು ಬದಲಾಗಿ ಏಪ್ರಿಲ್ 3 ಎಂಬುದು ಮಾರ್ಚ್ 4 ಆಗುವುದೂ ಅಪರೂಪವಲ್ಲ.

ಎಲ್ಲಿ ಮುಳುಗಿಸಬೇಕು?: ಮೊದಲಿಗೆ, ಕೆರೆ ಯಾವ ಸಂಸ್ಥೆಯ ಸುಪರ್ದಿಯಲ್ಲಿದೆಯೋ ಅದರ ಅನುಮತಿ ಬೇಕು. ಮೀನುಗಾರಿಕೆ ಗುತ್ತಿಗೆ ಪಡೆದವರಿಗೂ ತಿಳಿಸುವುದು ಜಾಣತನ, ಇಲ್ಲವಾದರೆ ಬಲೆಯೊಂದಿಗೆ ಲಾಗರೂ ಮೇಲೆ ಬಂದೀತು. ಕೊಳಚೆ ನೀರಿಗೆ ಕೈಗವಸಿಲ್ಲದೆ, ಹೂಳು ತುಂಬಿದ ಕೆರೆಗೆ ಒಬ್ಬರೇ ಇಳಿಯಕೂಡದು. ತೆಪ್ಪ ಮತ್ತು ಜೀವರಕ್ಷಕ ಜಾಕೆಟ್ ಇದ್ದೇ ಇರಬೇಕು.

ಸ್ಥಳದ ಆಯ್ಕೆಯೇ ಫಲಿತಾಂಶವನ್ನು ಅರ್ಧ ನಿರ್ಧರಿಸುತ್ತದೆ. ಕೊಳಚೆ ಒಳಬರುವ ಕಾಲುವೆಯ ಬಾಯಲ್ಲಿಟ್ಟರೆ ಕೆರೆ ಇರುವುದಕ್ಕಿಂತ ಕೆಟ್ಟದಾಗಿ, ಕಾರಂಜಿಯ ಪಕ್ಕದಲ್ಲಿಟ್ಟರೆ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಒಂದೇ ಲಾಗರ್ ಇದ್ದಾಗ ಎರಡರಿಂದಲೂ ದೂರ, ಕೆರೆಯ ನಡುಭಾಗದ ತೆರೆದ ನೀರು ಸೂಕ್ತ. ಆಳವೂ ಮುಖ್ಯ. ಕಲ್ಲಿಗೆ ಕಟ್ಟಿದ ಹಗ್ಗದ ಮೇಲ್ತುದಿಗೆ ತೇಲುಬುರುಡೆ ಕಟ್ಟಿ, ಅದರಿಂದ ಲಾಗರ್ ಇಳಿಬಿಟ್ಟರೆ ನೀರಿನ ಮಟ್ಟ ಇಳಿದರೂ ಮೇಲ್ಮೈಯಿಂದ ಅದರ ಆಳ ಬದಲಾಗದು. ಗೂಟಕ್ಕೆ ಕಟ್ಟಿದರೆ ಬೇಸಿಗೆಯಲ್ಲಿ ನೀರು ಇಳಿದು ಲಾಗರ್ ಗಾಳಿಯಲ್ಲಿ ನೇತಾಡುವ ಸಂಭವವಿದೆ. ಆಗ ಆಮ್ಲಜನಕ ದಿನವಿಡೀ ತೃಪ್ತಿಕರ! ಇದನ್ನು ಪತ್ತೆ ಹಚ್ಚಲು ಅದೇ ಸಾಧನ ಬರೆದ ಉಷ್ಣಾಂಶವನ್ನು ನೋಡಿದರಾಯಿತು. ನೀರು ನಿಧಾನವಾಗಿ ಕಾಯುತ್ತದೆ, ಗಾಳಿ ಬೇಗ. ಹಗಲು-ರಾತ್ರಿಯ ವ್ಯತ್ಯಾಸ ಏಕಾಏಕಿ ಹಿಗ್ಗಿದ್ದರೆ ಲಾಗರ್ ನೀರಿನಿಂದ ಹೊರಬಂದಿದೆ ಎಂದೇ ತಿಳಿಯಬೇಕು. ಹಗಲು ರಾತ್ರಿಯೆನ್ನದೆ ಸೊನ್ನೆ ಬರುತ್ತಿದ್ದರೆ ಅದು ಹೂಳಿನಲ್ಲಿ ಹೂತಿರಬಹುದು.

ನೀರಿಗೆ ಇಳಿಸಿದ ಮೇಲೆ ಕೆಲಸ ಮುಗಿಯಿತೆಂದು ತಿಳಿದವರೇ ಹೆಚ್ಚು. ನಮ್ಮ ಹಸಿರು ಕೆರೆಗಳಲ್ಲಿ ಕೆಲವೇ ದಿನಗಳಲ್ಲಿ ಸೆನ್ಸರ್‌ನ ಮೇಲೆಯೇ ಪಾಚಿಯ ಲೋಳೆ ಕೂರುತ್ತದೆ. ಆಗ ಅದು ಅಳೆಯುವುದು ಕೆರೆಯ ಉಸಿರನ್ನಲ್ಲ, ತನ್ನ ಮೈಮೇಲಿನ ಲೋಳೆಯ ಉಸಿರನ್ನು. ತಾಮ್ರದ ಜಾಲರಿಯ ಕವಚ ಇದನ್ನು ಸ್ವಲ್ಪ ತಡೆಯುತ್ತದೆ. ವಾರಕ್ಕೊಮ್ಮೆ ಮೇಲೆತ್ತಿ ಮೆದು ಬಟ್ಟೆಯಿಂದ ಒರೆಸುವುದಕ್ಕೆ ಬದಲಿ ಇಲ್ಲ. ಒರೆಸುವ ಮೊದಲಿನ ಅಳತೆ, ಒರೆಸಿದ ನಂತರದ ಅಳತೆ ಎರಡನ್ನೂ ವೇಳೆಯೊಂದಿಗೆ ಪುಸ್ತಕದಲ್ಲಿ ಬರೆಯಬೇಕು. ಅವೆರಡರ ನಡುವಿನ ಅಂತರ ಹೆಚ್ಚಿದ್ದರೆ ಕಳೆದ ವಾರದ ಅಂಕಿಗಳನ್ನು ನಂಬುವಂತಿಲ್ಲ.

ಇನ್ನೊಂದು ಸಾಕ್ಷಿಯೂ ಬೇಕು. ಹಂಗೇರಿಯ ರಸಾಯನಶಾಸ್ತ್ರಜ್ಞ ಲಾಯೋಶ್ ವಿಂಕ್ಲರ್ 1888ರಲ್ಲಿ ಪ್ರಕಟಿಸಿದ ಪರೀಕ್ಷೆ ಇಂದಿಗೂ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. ಗುಳ್ಳೆ ಸೇರದಂತೆ ಬಾಟಲಿಯಲ್ಲಿ ನೀರು ತುಂಬಿ, ದಡದಲ್ಲೇ ಎರಡು ರಾಸಾಯನಿಕ ಬೆರೆಸಿದರೆ ಆಮ್ಲಜನಕ ಕಂದು ಬಣ್ಣದ ಗಸಿಯಾಗಿ ಬಂಧಿತವಾಗುತ್ತದೆ. ನಂತರ ಆಮ್ಲ ಹಾಕಿ ಅಳೆಯಬಹುದು. ಲಾಗರ್ ಎತ್ತುವ ದಿನ ಅದರ ಪಕ್ಕದಿಂದಲೇ ಇಂಥ ಒಂದು ಬಾಟಲಿ ತುಂಬಿಸಿಕೊಂಡರೆ, ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲೇ ಲಾಗರಿನ ಸತ್ಯಾಸತ್ಯ ತಿಳಿಯುತ್ತದೆ.

ದಾಖಲೆಯ ಮೂಲ ಕಡತವನ್ನು ತಿದ್ದದೆ ಹಾಗೆಯೇ ಇಟ್ಟುಕೊಂಡು ನಕಲಿನ ಮೇಲೆ ಮಾತ್ರ ಕೆಲಸ ಮಾಡಬೇಕು. ದೂರು ಅಥವಾ ಮನವಿಯೊಂದಿಗೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಸಲ್ಲಿಸುವಾಗ ಮೂಲ ಕಡತ, ಮಾಪನಾಂಕದ ವಿವರ, ಒರೆಸಿದ ದಿನಗಳ ಪುಸ್ತಕ ಜೊತೆಗಿದ್ದರೆ ಅದನ್ನು ಸುಲಭವಾಗಿ ತಳ್ಳಿಹಾಕಲಾಗದು. ಓದುವಾಗ ತಿಂಗಳ ಸರಾಸರಿ ತೆಗೆಯುವ ಚಪಲ ಬೇಡ. ಮಧ್ಯಾಹ್ನದ 12 ಮತ್ತು ನಸುಕಿನ 1 ಸೇರಿ ಸರಾಸರಿ ಆರೂವರೆ ಆಗುತ್ತದೆ. ಕಾಗದದ ಮೇಲೆ ಅದು ಒಳ್ಳೆಯ ಕೆರೆ, ಆದರೆ ಮೀನು ಸರಾಸರಿಯಲ್ಲಿ ಉಸಿರಾಡುವುದಿಲ್ಲ. ದಿನದ ಕನಿಷ್ಠ ಎಷ್ಟು, 4ಕ್ಕಿಂತ ಕೆಳಗೆ ಎಷ್ಟು ಗಂಟೆ ಇತ್ತು, ಆ ಗಂಟೆಗಳು ವಾರದಿಂದ ವಾರಕ್ಕೆ ಹೆಚ್ಚುತ್ತಿವೆಯೇ ಎಂಬ ಮೂರು ಪ್ರಶ್ನೆ ಕೇಳಬೇಕು. ಮೂರನೆಯದಕ್ಕೆ ಹೌದೆಂಬ ಉತ್ತರ ಬಂದರೆ ಮೀನು ತೇಲುವ ಮುನ್ನವೇ ಎಚ್ಚರಿಕೆ ಸಿಕ್ಕಂತೆ.

ಆ ಎಚ್ಚರಿಕೆಯ ಮೊದಲ ಉಪಯೋಗ ಗಾಳಿಯಾಡಿಸುವ ಯಂತ್ರಗಳ ವೇಳಾಪಟ್ಟಿಗೆ ಸಂಬಂಧಿಸಿದ್ದು. ಕೆರೆಯ ಕಾರಂಜಿಯನ್ನು ಸಂಜೆ ವಿಹಾರಿಗಳ ಕಣ್ಣಿಗೆ ಹಬ್ಬವಾಗಲೆಂದು ಓಡಿಸಿದರೆ, ನೀರಿನಲ್ಲಿ ಆಮ್ಲಜನಕ ತುಂಬಿ ತುಳುಕುವ ಹೊತ್ತಿನಲ್ಲೇ ವಿದ್ಯುತ್ ಖರ್ಚಾಗುತ್ತದೆ. ಲಾಗರ್ ಬರೆದ ರೇಖೆ ನಡುರಾತ್ರಿಯ ನಂತರ 4ಕ್ಕಿಂತ ಕೆಳಗಿಳಿಯುತ್ತಿದ್ದರೆ ಅದೇ ಯಂತ್ರ ಓಡಬೇಕಾದದ್ದು ರಾತ್ರಿ ಹನ್ನೆರಡರಿಂದ ಬೆಳಗಿನ ಏಳರವರೆಗೆ. ಅದರಿಂದ ಎಷ್ಟು ಪ್ರಯೋಜನವಾಯಿತು ಎಂಬುದನ್ನು ಮರುವಾರ ಅದೇ ಲಾಗರ್ ಹೇಳುತ್ತದೆ.