ಹಳೆಯ ಕಾರು, ಹೊಸ ಕೈಗಳು

ಹದಿನಾರರ ಮಗನೊಡನೆ ತಂದೆಗೆ ಮಾತು ಕಡಿಮೆಯಾಗುವ ಕಾಲ ಎಲ್ಲ ಮನೆಗಳಲ್ಲಿಯೂ ಬರುವುದುಂಟು. ಆಗ ಹಿತ್ತಿಲಲ್ಲಿ ತುಕ್ಕು ಹಿಡಿದು ನಿಂತಿರುವ ಅಂಬಾಸಿಡರ್ ಕಾರು ಉಪಯೋಗಕ್ಕೆ ಬಂದೀತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನನುಸರಿಸಿ ಹಿಂದೂಸ್ತಾನ್ ಮೋಟಾರ್ಸ್ ನಿರ್ಮಿಸುತ್ತಿದ್ದ ಈ ವಾಹನದ ತಯಾರಿಕೆ 2014ರಲ್ಲಿ ನಿಂತಿತು. ಗುಜರಿಗೆ ಕೊಟ್ಟರೆ ಮತ್ತೆ ಬಾರದು.

ನಮ್ಮ ಗುರುಮಠಕಲ್ಲಿನ ಒಣ ಹವೆಯಲ್ಲಿ ತುಕ್ಕಿನ ವೇಗ ಕರಾವಳಿಯಷ್ಟಿಲ್ಲ. ಆದರೂ ಮಳೆನೀರು ಬಾಗಿಲ ಕೆಳಗಿನ ಟೊಳ್ಳಿನಲ್ಲಿ ನಿಂತರೆ ತಗಡು ಉಳಿಯದು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಆದ್ದರಿಂದಲೇ ಬಣ್ಣ ಗುಳ್ಳೆಯೇಳುವುದು. ಅದರ ಮೇಲೆಯೇ ಹೊಸ ಬಣ್ಣ ಬಳಿದರೆ ಕೇಡು ಒಳಗೊಳಗೇ ಬೆಳೆಯುತ್ತದೆ. ತಂತಿಬ್ರಷ್ಷಿನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಒಡನೆಯೇ ಪ್ರೈಮರ್ ಹಚ್ಚಬೇಕು. ಬಿಚ್ಚಿದ ಬೋಲ್ಟುಗಳಿಗೆ ಚೀಟಿ ಕಟ್ಟಬೇಕು. ಇವು ಮಗನ ಕೆಲಸ. ಈ ಕಾರಿಗೆ ಪ್ರತ್ಯೇಕ ಚಾಸಿಯಿಲ್ಲ, ಒಡಲೇ ಎಲುಬು. ತಳದ ತಗಡು ಸವೆದಿದ್ದರೆ ಬೆಸುಗೆಯನ್ನು ನುರಿತವರಿಗೇ ಬಿಡಬೇಕು. ಹಳೆಯ ಬ್ರೇಕಿನ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದನ್ನು ಊದಿ ತೆಗೆಯಬಾರದು.

50 ವರ್ಷ ದಾಟಿ ಮೂಲರೂಪವನ್ನು ಉಳಿಸಿಕೊಂಡ ಕಾರುಗಳಿಗೆ 2021ರ ಕೇಂದ್ರ ನಿಯಮವು ವಿಂಟೇಜ್ ನೋಂದಣಿಯ ಅವಕಾಶವಿತ್ತಿದೆ. ಆದರೆ ಅಂತಹ ಕಾರನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಹಣದ ಲೆಕ್ಕದಲ್ಲಿ ಇದರಿಂದ ಲಾಭವೂ ಇಲ್ಲ. ಆದರೆ ಬಿಗಿದುಹೋದ ಒಂದು ಬೋಲ್ಟಿಗಾಗಿ ತಂದೆಮಕ್ಕಳು ಸಂಜೆಯೆಲ್ಲ ಹೆಣಗುವಾಗ, ನಿಂತುಹೋಗಿದ್ದ ಮಾತು ತಾನಾಗಿ ಹೊರಡುವುದುಂಟು. ಲಾಭವೆಂದರೆ ಅದೇ.