ಅಕ್ಕ, ನಾನೇನು ಕದ್ದಿದ್ದೆ?

2011ರ ಶ್ರಾವಣದ ಒಂದು ರಾತ್ರಿ. ನನ್ನ ತಮ್ಮ ಅಡುಗೆಮನೆಯ ಚಿಲಕ ಹಾಕಿಕೊಂಡು, ಈಳಿಗೆಮಣೆಯನ್ನು ಎದೆಗವಚಿ ಕೂತಿದ್ದ. ನಾಲ್ಕು ರಾತ್ರಿಯಿಂದ ಅವನಿಗೆ ನಿದ್ದೆಯಿರಲಿಲ್ಲ. ಬೀದಿಯವರೆಲ್ಲ ತನ್ನನ್ನು ಕೊಲ್ಲಲು ಮಾತಾಡಿಕೊಳ್ಳುತ್ತಿದ್ದಾರೆ ಅನ್ನುತ್ತಿದ್ದ. ಅಮ್ಮ ಕಿಟಕಿಯ ಸರಳು ಹಿಡಿದು, "ಒಂದು ಲೋಟ ನೀರಾದರೂ ಕುಡಿಯೋ ಮಗ" ಎಂದು ಬೇಡುತ್ತಿದ್ದಳು. ಪಕ್ಕದ ಮನೆಯವರು ಗಾಬರಿಬಿದ್ದು 100ಕ್ಕೆ ಫೋನ್ ಮಾಡಿದರು. ಬೇರೆ ಯಾರಿಗೆ ಮಾಡಬೇಕೆಂದು ನನಗೂ ಗೊತ್ತಿರಲಿಲ್ಲ.

ಜೀಪು ಬಂತು. ಮೂವರು ಇಳಿದು ಬಾಗಿಲು ಒದ್ದರು. ಟವೆಲ್ಲಿನಿಂದ ಅವನ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಇಡೀ ಬೀದಿ ನೋಡುತ್ತಿದ್ದಂತೆ ಹತ್ತಿಸಿಕೊಂಡು ಹೋದರು. ಬೆಳಗಿನವರೆಗೆ ಅವನು ಠಾಣೆಯಲ್ಲಿದ್ದ. ಆ ಮೂವರ ಮೇಲೆ ನನಗೆ ಸಿಟ್ಟಿಲ್ಲ. ಕಳ್ಳರನ್ನು ಹಿಡಿಯುವುದನ್ನು, ಗಲಾಟೆ ಅಡಗಿಸುವುದನ್ನು ಕಲಿತವರು ಅವರು. ಕಲಿತದ್ದನ್ನೇ ಮಾಡಿದರು.

ಮರುದಿನ ಆಸ್ಪತ್ರೆಯಲ್ಲಿ ಕಂಡದ್ದನ್ನು ಮಾತ್ರ ನಾನು ಮರೆಯಲಾರೆ. ತಮ್ಮ ಮೂಲೆಯಲ್ಲಿ ಮುದುಡಿ ಕೂತಿದ್ದ. ನಡುವಯಸ್ಸಿನ ಸಿಸ್ಟರ್ ಒಬ್ಬರು ಬಂದು, ಅವನಿಂದ ಒಂದು ಮಾರು ದೂರದಲ್ಲಿ ತಾವೂ ನೆಲದ ಮೇಲೆ ಕೂತರು. "ಊಟ ಯಾವಾಗ ಮಾಡಿದ್ದಪ್ಪ?" ಅಂದರು. ಉತ್ತರವಿಲ್ಲ. ಅವರೂ ಸುಮ್ಮನಾದರು. ನೀರಿನ ಲೋಟವನ್ನು ಇಬ್ಬರ ನಡುವೆ ಇಟ್ಟು ಕಾದರು. ಹತ್ತು ನಿಮಿಷವೋ, ಹದಿನೈದೋ. ಕೊನೆಗೆ ಅವನೇ ಕೈಚಾಚಿ ಲೋಟ ತೆಗೆದುಕೊಂಡ. ಕುಡಿದು ನನ್ನ ಕಡೆ ತಿರುಗಿ, "ಅಕ್ಕ, ನಾನೇನು ಕದ್ದಿದ್ದೆ?" ಅಂದ.

ಆ ಸಿಸ್ಟರ್ ರಾತ್ರಿಯೇ ನಮ್ಮ ಬಾಗಿಲಿಗೆ ಬಂದಿದ್ದರೆ? ಹಾಗೆ ಬರುವ ಊರುಗಳೂ ಇವೆ ಎಂಬುದು ನನಗೆ ಆಮೇಲೆ ಓದಿ ತಿಳಿಯಿತು. ಅಮೆರಿಕದ ಆರಿಗನ್ ರಾಜ್ಯದ ಯುಜೀನ್ ನಗರದಲ್ಲಿ ವೈಟ್ ಬರ್ಡ್ ಕ್ಲಿನಿಕ್ ಎಂಬ ಸಂಸ್ಥೆ 1989ರಲ್ಲಿ 'ಕಹೂಟ್ಸ್' ಎಂಬ ಸೇವೆ ಶುರು ಮಾಡಿತು. ಜನ ಪೊಲೀಸರಿಗೆ ಮಾಡುತ್ತಿದ್ದ ಕರೆಗಳನ್ನು ಅಲ್ಲಿಯೇ ವಿಂಗಡಿಸಿ, ಮನಸ್ಸು ಕೆಟ್ಟವರು, ಸಾಯಲು ಹೊರಟವರು, ಕುಡಿದು ಬಿದ್ದವರು ಇದ್ದ ಕಡೆಗೆ ಒಂದು ವ್ಯಾನ್ ಕಳಿಸುತ್ತಿದ್ದರು. ಅದರಲ್ಲಿ ಇಬ್ಬರೇ: ಒಬ್ಬರು ನರ್ಸೋ ತುರ್ತು ಚಿಕಿತ್ಸೆ ಬಲ್ಲವರೋ, ಇನ್ನೊಬ್ಬರು ಇಂಥವರನ್ನು ಮಾತಾಡಿಸಿ ಪಳಗಿದವರು. ಸಾದಾ ಬಟ್ಟೆ, ಆಯುಧವಿಲ್ಲ. 2019ರಲ್ಲಿ ಅವರು ಸುಮಾರು 24,000 ಕರೆಗಳಿಗೆ ಹೋದರು. ಪೊಲೀಸರ ನೆರವು ಕೇಳಿದ್ದು 300 ಚಿಲ್ಲರೆ ಸಲ. ಇದು ಸಂಸ್ಥೆಯೇ ಕೊಟ್ಟ ಲೆಕ್ಕ. ಡೆನ್ವರ್ ನಗರ ಇದನ್ನೇ ನೋಡಿ 2020ರಲ್ಲಿ 'ಸ್ಟಾರ್' ಎಂಬ ತಂಡ ಕಟ್ಟಿತು. ಅದು ಓಡಾಡಿದ ಬಡಾವಣೆಗಳಲ್ಲಿ ಸಣ್ಣಪುಟ್ಟ ಅಪರಾಧಗಳ ದೂರು ಶೇ. 34ರಷ್ಟು ಇಳಿದಿತ್ತೆಂದು ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2022ರಲ್ಲಿ ಬರೆದರು. ಸ್ಟಾಕ್‌ಹೋಮ್‌ನಲ್ಲಿ 2015ರಿಂದ ಮನೋರೋಗದ ನರ್ಸ್‌ಗಳೇ ಹೋಗುವ ಆಂಬುಲೆನ್ಸ್ ಇದೆ. ಅದರೊಳಗೆ ಸ್ಟ್ರೆಚರ್ ಬದಲು ಕೂತು ಮಾತಾಡುವಂಥ ಸೀಟುಗಳು.

ಆದರೆ 2025ರ ಏಪ್ರಿಲ್‌ನಲ್ಲಿ ಯುಜೀನ್‌ನ ಬೀದಿಗಳಲ್ಲಿ ಕಹೂಟ್ಸ್ ವ್ಯಾನ್ ನಿಂತುಹೋಯಿತು. ಕಾರಣ ಹಣದ ಮುಗ್ಗಟ್ಟು. ಓದಿ ನನಗೆ ನಮ್ಮ ಮನೆಯದೇ ಏನೋ ಮುಚ್ಚಿದಷ್ಟು ಸಂಕಟವಾಯಿತು. ಮೂವತ್ತೈದು ವರ್ಷ ನಡೆದದ್ದು ಕೆಲಸಕ್ಕೆ ಬಾರದೆ ನಿಲ್ಲಲಿಲ್ಲ, ಕಾಸಿಲ್ಲದೆ ನಿಂತಿತು.

ನಮ್ಮಲ್ಲಿ ಕಾನೂನು ಚೆನ್ನಾಗಿಯೇ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಂ ಪ್ರಕಾರ, ಪೊಲೀಸರು ಇಂಥವರನ್ನು ರಕ್ಷಣೆಗೆ ತೆಗೆದುಕೊಂಡರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಲಾಕಪ್ಪಿನಲ್ಲಿ ಯಾವ ಕಾರಣಕ್ಕೂ ಇಡುವಂತಿಲ್ಲ. 2022ರ ಅಕ್ಟೋಬರ್ 10ರಂದು ಟೆಲಿ-ಮಾನಸ್ ಸಹಾಯವಾಣಿಯೂ ಬಂತು. ನಂಬರು 14416. ನಮ್ಮ ನಿಮ್ಹಾನ್ಸ್ ಇಡೀ ದೇಶಕ್ಕೆ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು.

ಆದರೂ ಈಳಿಗೆಮಣೆ ಹಿಡಿದು ಕೂತವನ ಕಿವಿಗೆ ಫೋನ್ ಹಿಡಿಯುವುದು ಹೇಗೆ? ಆ ಹೊತ್ತಿಗೆ ಒಬ್ಬ ಮನುಷ್ಯ ಬಾಗಿಲಿಗೆ ಬರಬೇಕು. 108 ಆಂಬುಲೆನ್ಸ್ ನಮ್ಮ ಹಳ್ಳಿಹಳ್ಳಿಗೂ ಬರುತ್ತದೆ. ಪ್ರತಿ ಜಿಲ್ಲೆಯಲ್ಲೂ ಅಂಥ ಒಂದು ಗಾಡಿಯಲ್ಲಿ ಮನೋರೋಗ ಶುಶ್ರೂಷೆ ಕಲಿತ ನರ್ಸ್ ಒಬ್ಬರನ್ನು ಕೂರಿಸುವುದು ಆಗದ ಮಾತಲ್ಲ. ಆಯುಧ ಬೀಸುವವರಿದ್ದರೆ ಪೊಲೀಸರೂ ಬರಲಿ, ಆದರೆ ಬಾಗಿಲ ಮುಂದೆ ನಿಲ್ಲುವುದು ನರ್ಸ್ ಆಗಿರಲಿ.

ತಮ್ಮ ಈಗ ಡೇರಿಯಲ್ಲಿ ಹಾಲು ಅಳೆಯುತ್ತಾನೆ, ಮಾತ್ರೆ ತಪ್ಪಿಸುವುದಿಲ್ಲ. ಆದರೆ ಖಾಕಿ ಅಂಗಿಯ ಆಟೊ ಚಾಲಕ ಎದುರಾದರೂ ರಸ್ತೆಯ ಆಚೆ ಬದಿಗೆ ಸರಿಯುತ್ತಾನೆ.

ಗ್ಯಾಸ್ ಬುಕ್ ಮಾಡುವ ನಂಬರು ಬರೆದಿಟ್ಟುಕೊಂಡ ಗೋಡೆಯ ಮೇಲೆ 14416 ಕೂಡ ಬರೆದಿಡಿ. 112ಕ್ಕೆ ಕರೆ ಮಾಡಲೇಬೇಕಾಗಿ ಬಂದರೆ ಮೊದಲ ಮಾತಿಗೇ ಹೇಳಿ: "ಇವರಿಗೆ ಕಾಯಿಲೆ, ಆಂಬುಲೆನ್ಸ್ ಕಳಿಸಿ."